ಸೊನ್ನೆ ತೋರಿಸಿದ ಆರನೇ ರೀಜನ್

ನಮ್ಮ ಆಫೀಸಿನಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವರು ಯಾಕಮ್ಮ. ಏನು ಹೇಳಿದರೂ ಮೊದಲು ‘ಯಾಕೆ?’ ಅನ್ನುವುದು ಅವರ ಅಭ್ಯಾಸ. ಇಪ್ಪತ್ತು ವರ್ಷ ಒಂದು ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಫೈಲು ಜೋಡಿಸಿದವರು, ನಲವತ್ನಾಲ್ಕನೇ ವಯಸ್ಸಿನಲ್ಲಿ ಮಗಳ ಕಾಲೇಜು ಪುಸ್ತಕ ಎದುರಿಗಿಟ್ಟುಕೊಂಡು ಕೋಡ್ ಬರೆಯುವುದನ್ನು ಕಲಿತರು. ‘ನಮ್ಮ ಸೊಸೆ ಕೈಗೆ ಗಡಿಯಾರ ಕೊಟ್ರೆ ಟೈಮ್ ನೋಡಲ್ಲ, ಬಿಚ್ಚಿ ನೋಡ್ತಾಳೆ’ ಎಂದು ಅವರ ಅತ್ತೆ ಹೇಳುತ್ತಿದ್ದರಂತೆ. ಅದನ್ನು ಅವರು ಹೊಗಳಿಕೆ ಎಂದೇ ತಿಳಿದಿದ್ದಾರೆ.

ನಾನು ಅವರ ಪಕ್ಕದ ಕುರ್ಚಿಯವನು. ಮೊದಮೊದಲು ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ನನ್ನ ಕೆಲಸದಲ್ಲಿ ಬೇರೆಯವರು ಮೂಗು ತೂರಿಸಿದರೆ ನನಗೆ ಮೈಯೆಲ್ಲ ಉರಿಯುತ್ತದೆ, ಈ ತಾಯಿಯ ಮೂಗು ಸದಾ ನನ್ನ ಪರದೆಯ ಮೇಲೇ ಇರುತ್ತಿತ್ತು.

ನಮ್ಮದು ಆಸ್ಪತ್ರೆಗಳ ರಕ್ತಪರೀಕ್ಷೆ, ಎಕ್ಸ್‌ರೇ ವರದಿಗಳನ್ನು ಕ್ಲೌಡ್‌ನಲ್ಲಿ ಇಟ್ಟು ಕಾಪಾಡುವ ಕಂಪನಿ. ಕ್ಲೌಡ್ ಅಂದರೆ ಮೋಡವೇನಲ್ಲ. ದೂರದ ಆರು ಊರುಗಳಲ್ಲಿ ಬಾಡಿಗೆಗೆ ಹಿಡಿದ ಕಂಪ್ಯೂಟರುಗಳು, ಅಷ್ಟೇ. ಒಂದೊಂದು ಊರಿನದಕ್ಕೆ ಒಂದೊಂದು ರೀಜನ್ ಎನ್ನುತ್ತೇವೆ. ಪ್ರತಿ ರೀಜನ್‌ನಲ್ಲೂ ಒಂದು ಕಾವಲು ಸೇವೆ ಇರುತ್ತದೆ. ಯಾವುದೋ ಕಡತ ಬೀಗವಿಲ್ಲದೆ ಬಿದ್ದಿದ್ದರೆ, ಪಾಸ್‌ವರ್ಡ್ ಹಳೆಯದಾಗಿದ್ದರೆ ಅದು ದೂರು ಬರೆಯುತ್ತದೆ. ಆರೂ ಕಡೆಯ ದೂರುಗಳು ಒಂದೇ ಪರದೆಗೆ ಬಂದು ಬೀಳುವಂತೆ ಕೋಡ್ ಬರೆದವನು ನಾನು. ಚಿಕ್ಕ ಕೋಡ್, ‘ಎಲ್ಲ ರೀಜನ್‌ಗಳನ್ನೂ ಸೇರಿಸು’ ಎಂಬುದೇ ಅದರ ಜೀವಾಳ. ಪರದೆ ನೋಡಿ ಮ್ಯಾನೇಜರ್ ನನ್ನ ಬೆನ್ನು ತಟ್ಟಿದ್ದರು. ಶುಕ್ರವಾರ ಸಂಜೆ ಐದಕ್ಕೆ ಆಸ್ಪತ್ರೆಗಳಿಗೆಲ್ಲ ‘ನಿಮ್ಮ ವರದಿಗಳು ಸುರಕ್ಷಿತ’ ಎಂಬ ಪತ್ರ ಹೋಗಬೇಕಿತ್ತು. ಅದು ಹೋದರೆ ಎರಡು ವರ್ಷದಿಂದ ಹಂಗಾಮಿಯಾಗಿದ್ದ ನನ್ನ ಕೆಲಸ ಕಾಯಂ. ಮನೆಯಲ್ಲಿ ಹೆಂಡತಿಗೆ ಆಗಲೇ ಹೇಳಿಬಿಟ್ಟಿದ್ದೆ.

ಶುಕ್ರವಾರ ಬೆಳಿಗ್ಗೆ ಯಾಕಮ್ಮ ಚಹಾದ ಲೋಟ ಹಿಡಿದು ನನ್ನ ಪರದೆಯ ಮುಂದೆ ನಿಂತರು.

“ಆರನೇದು ಯಾಕೆ ಸೊನ್ನೆ?”

“ಚೊಕ್ಕವಾಗಿದೆ, ಅದಕ್ಕೆ. ಅದಕ್ಕೂ ತಕರಾರಾ?”

“ತಕರಾರಲ್ಲಪ್ಪ. ಮಿಕ್ಕ ಐದರಲ್ಲೂ ದಿನಾ ಹತ್ತಿಪ್ಪತ್ತು ದೂರು ಬರುತ್ತೆ. ಆರನೇದರಲ್ಲಿ ಕೆಲಸ ಮಾಡೋರೂ ನಮ್ಮ ಹುಡುಗರೇ ತಾನೆ? ಅಲ್ಲಿ ಮಾತ್ರ ಅವರಿಗೆ ಅಷ್ಟು ಬುದ್ಧಿ ಎಲ್ಲಿಂದ ಬಂತು?”

ನನಗೆ ನಗು ಬರಬೇಕಿತ್ತು, ಸಿಟ್ಟು ಬಂತು. ಅವರು ಅದನ್ನು ಗಮನಿಸಲೇ ಇಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಜಾತಿಯವರು ಅವರು. ತಮ್ಮ ಕುರ್ಚಿಗೆ ಹೋಗಿ ಆರೂ ರೀಜನ್‌ಗಳಲ್ಲಿ ಒಂದೊಂದು ಖಾಲಿ ಕಡತ ಇಟ್ಟು, ಬೇಕೆಂದೇ ಬೀಗ ಹಾಕದೆ ಬಿಟ್ಟರು. ದಾಖಲೆ ಕೋಣೆಯ ದಿನಗಳಿಂದ ಬಂದ ಪದ್ಧತಿಯಂತೆ ಇದು. ಹೊಸಬರು ನಿಜವಾಗಿ ಹುಡುಕುತ್ತಾರೋ ಇಲ್ಲವೋ ತಿಳಿಯಲು ಫೈಲೊಂದನ್ನು ತಾವೇ ತಪ್ಪು ಜಾಗದಲ್ಲಿ ಇಟ್ಟು ನೋಡುತ್ತಿದ್ದರಂತೆ.

ಊಟದ ಹೊತ್ತಿಗೆ ಆ ಕಡತಗಳ ಬಗ್ಗೆ ಐದು ದೂರುಗಳು ಬಂದವು. ಆರನೆಯದು ಬರಲಿಲ್ಲ. ನಾವಿಬ್ಬರೂ ಊಟ ಬಿಟ್ಟು ಕೂತೆವು. ಸಿಟ್ಟು ಇಳಿದು, ಯಾಕೆ ಎಂಬ ಹುಳ ನನ್ನ ತಲೆಗೂ ಹೊಕ್ಕಿತ್ತು.

ತಪ್ಪು ನನ್ನದೇ. ಎಲ್ಲ ರೀಜನ್‌ಗಳನ್ನೂ ಸೇರಿಸು ಎಂದರೆ ಅಲ್ಲೆಲ್ಲ ಕಾವಲು ತಾನಾಗಿ ಶುರುವಾಗುತ್ತದೆ ಎಂದುಕೊಂಡಿದ್ದೆ. ಆಗುವುದಿಲ್ಲ. ಆ ಸಾಲು ಇರುವ ದೂರುಗಳನ್ನು ತರುತ್ತದೆಯೇ ಹೊರತು ದೂರು ಬರೆಯುವವನನ್ನು ನೇಮಿಸುವುದಿಲ್ಲ. ಹಳೆಯ ಐದು ಕಡೆ ಯಾರೋ ಹಿಂದಿನವರು ಕಾವಲನ್ನು ಕೈಯಾರೆ ಶುರು ಮಾಡಿಟ್ಟಿದ್ದರು. ಆರನೆಯದು ನಾಲ್ಕು ತಿಂಗಳ ಹಿಂದೆ ತೆರೆದದ್ದು. ನಾನು ನಲ್ಲಿ ಜೋಡಿಸಿದ್ದೆ, ಟ್ಯಾಂಕಿಗೆ ನೀರೇ ಬಿಟ್ಟಿರಲಿಲ್ಲ.

“ಎಷ್ಟು ಚೆಂದ ಅಡಗಿ ಕೂತಿತ್ತು ನೋಡು” ಎಂದರು ಯಾಕಮ್ಮ. ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು. ನನಗೆ ಅಳು ಬರುವಂತಾಗಿತ್ತು.

ಕಾವಲು ಶುರು ಮಾಡುವ ಸಾಲುಗಳನ್ನು ಕೋಡಿಗೆ ಸೇರಿಸಿದೆವು. ಮೂರೂವರೆಗೆ ಆರನೇ ರೀಜನ್ ಬಾಯಿ ಬಿಟ್ಟಿತು. ಮೊದಲು ಯಾಕಮ್ಮ ಇಟ್ಟ ಖಾಲಿ ಕಡತದ ದೂರು. ಅದರ ಹಿಂದೆಯೇ ಇನ್ನೂ ಹದಿನೇಳು. ಅವುಗಳಲ್ಲೊಂದನ್ನು ಓದಿ ಪರದೆಯನ್ನು ಯಾಕಮ್ಮನ ಕಡೆ ತಿರುಗಿಸಿದೆ. ಒಂದು ಸಣ್ಣ ರಕ್ತಪರೀಕ್ಷಾ ಕೇಂದ್ರದ ಮುನ್ನೂರ ಹನ್ನೆರಡು ಜನರ ವರದಿಗಳು ನಾಲ್ಕು ತಿಂಗಳಿಂದ ಬೀಗವಿಲ್ಲದೆ ಬಿದ್ದಿದ್ದವು. ಯಾರು ಬೇಕಾದರೂ ತೆರೆಯಬಹುದಿತ್ತು.

ಯಾಕಮ್ಮನ ನಗು ಅಲ್ಲಿಗೇ ನಿಂತಿತು. ಕ್ಷಣದಲ್ಲಿ ಬೀಗ ಹಾಕಿ, “ಯಾರಾದ್ರೂ ತೆಗೆದು ನೋಡಿದ್ದಾರಾ?” ಎಂದು ಕೇಳಿದರು.

ಅದನ್ನು ಬರೆದಿಡುವ ವ್ಯವಸ್ಥೆಯೂ ಅಲ್ಲಿರಲಿಲ್ಲ. ಎಲ್ಲ ಪ್ರಶ್ನೆಗೂ ಬೆನ್ನು ಹತ್ತಿ ಉತ್ತರ ತರುವ ಹೆಂಗಸು ಅರ್ಧ ಗಂಟೆ ಹುಡುಕಿ, ಕೈ ಮಡಚಿ ಕೂತದ್ದನ್ನು ನಾನು ನೋಡಿದ್ದು ಅವತ್ತೇ.

ಮ್ಯಾನೇಜರ್ ಕೆಟ್ಟವರಲ್ಲ. ವಿಷಯ ಹೇಳಿದಾಗ ಪತ್ರಕ್ಕೆ ಅವರೊಂದು ವಾಕ್ಯ ಹೇಳಿಕೊಟ್ಟರು: ‘ಯಾವ ವರದಿಯೂ ಹೊರಗೆ ಹೋದ ಸೂಚನೆ ಇಲ್ಲ.’ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಾವು ಪಾರಾಗುತ್ತಿದ್ದೆವು.

“ಸುಳ್ಳಲ್ಲವಲ್ಲ” ಎಂದರು ಮ್ಯಾನೇಜರ್.

“ಸುಳ್ಳಲ್ಲ ಸಾರ್” ಎಂದರು ಯಾಕಮ್ಮ. “ನಾವು ನೋಡ್ತಿದ್ದರೆ ತಾನೆ ಸೂಚನೆ ಸಿಗೋದು?” ಆಮೇಲೆ ನನ್ನ ಕಡೆ ತಿರುಗಿದರು. “ಕೋಡು ನಿಂದು. ಪತ್ರಾನೂ ನೀನೇ ಬರಿ. ಏನು ಬರೀಬೇಕು ಅಂತ ನಾನು ಹೇಳಲ್ಲ.”

ನಾಲ್ಕು ಐವತ್ತು. ಹೆಂಡತಿಯ ಮುಖ ಕಣ್ಣ ಮುಂದೆ ಬಂತು. ಹೆದರಿದ್ದೆ, ಸುಳ್ಳೇಕೆ ಹೇಳಲಿ. ಬರೆದೆ: ‘ನಾಲ್ಕು ತಿಂಗಳು ಬಾಗಿಲು ತೆರೆದಿತ್ತು. ಯಾರಾದರೂ ಒಳಗೆ ಬಂದರೋ ಇಲ್ಲವೋ ನಮಗೆ ತಿಳಿಯದು. ನಾವು ನೋಡುತ್ತಿರಲಿಲ್ಲ. ಕೋಡ್ ಬರೆದವನು ನಾನು.’ ಮ್ಯಾನೇಜರ್ ಎರಡು ಸಲ ಓದಿ, ನಿಟ್ಟುಸಿರು ಬಿಟ್ಟು ಕಳಿಸಿದರು. ಕಾಯಂ ಮಾತು ಮೂಲೆಗೆ ಬಿತ್ತು.

ಸೋಮವಾರ ಆ ರಕ್ತಪರೀಕ್ಷಾ ಕೇಂದ್ರದಿಂದ ಉತ್ತರ ಬಂತು. ಆ ಮುನ್ನೂರ ಹನ್ನೆರಡು ಜನಕ್ಕೂ ನೀವೇ ಫೋನ್ ಮಾಡಿ ತಿಳಿಸಿ, ಪತ್ರದಲ್ಲಿ ಬರೆದ ಹಾಗೆಯೇ ಹೇಳಿ ಎಂದಿದ್ದರು. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಪಟ್ಟಿ ಹಿಡಿದು ಕೂತೆ. ಯಾಕಮ್ಮ ತಾವಾಗಿ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದರು.

ಮೊದಲ ಫೋನ್ ಎತ್ತಿದವರು ಒಬ್ಬ ಹೆಂಗಸು. ನಾನು ತಡವರಿಸುತ್ತ ಎಲ್ಲವನ್ನೂ ಹೇಳಿದೆ.

“ನೀವು ಓದಿದ್ದೀರಾ, ನನ್ನ ವರದೀನ?”

“ಇಲ್ಲಮ್ಮ. ನಾವ್ಯಾರೂ ತೆರೆದಿಲ್ಲ.”

“ಸರಿ” ಎಂದರು. ದನಿ ತಗ್ಗಿತ್ತು, ಪಕ್ಕದ ಕೋಣೆಯಲ್ಲಿ ಯಾರೋ ಇದ್ದ ಹಾಗಿತ್ತು. “ಅದರಲ್ಲಿ ಏನಿದೆ ಅಂತ ನಮ್ಮನೇಲಿ ನಾನಿನ್ನೂ ಯಾರಿಗೂ ಹೇಳಿಲ್ಲ.”