ಬ್ಯಾಂಜೋ ಮತ್ತು ಬಾಗಿನ

ಗೌರಿ ಹಬ್ಬದ ಬೆಳಿಗ್ಗೆ ಅರಸೀಕೆರೆಯ ನಮ್ಮ ಮನೆಯ ಜಗಲಿಯಲ್ಲಿ ಕೂತು ನಾನೊಂದು ಪುಣ್ಯದ ಕೆಲಸ ಮಾಡುತ್ತಿದ್ದೆ. ಬೇಲೂರಿನ ತಂಗಿ ರತ್ನಳಿಗೆ ತವರಿನ ಬಾಗಿನ ಕಳಿಸುವುದು. ಫೋನಿನಲ್ಲಿ. ಎರಡು ಮೊರ, ಬಳೆ, ತೆಂಗಿನಕಾಯಿ ಇರುವ ಚಿತ್ರ, ಮೇಲೆ ಮಿನುಗುವ ಅಕ್ಷರದಲ್ಲಿ ಶುಭಾಶಯ. ಒಮ್ಮೆ ಬೆರಳು ಒತ್ತಿದರೆ ಅಣ್ಣನ ಕರ್ತವ್ಯ ಮುಗಿಯಿತು. ಏಳು ವರ್ಷದಿಂದ ಹೀಗೆಯೇ ಮುಗಿಯುತ್ತಿದೆ. ಬೇಲೂರೇನು ಅಮೆರಿಕದಲ್ಲಿಲ್ಲ, ಎರಡು ಗಂಟೆಯ ಹಾದಿ. ಆದರೆ ಬಸ್ಸು ಹತ್ತಬೇಕಲ್ಲ! ಹಾಗೆಂದು ನಾನು ಹೋಗುವುದೇ ಇಲ್ಲವೆಂದು ತಿಳಿಯಬೇಡಿ. ನೆಂಟರಲ್ಲಿ ಯಾರಾದರೂ ತೀರಿಕೊಂಡರೆ ಖುದ್ದು ಹೋಗಿ ಹೇಳುತ್ತೇನೆ. ಅಂಥದ್ದನ್ನು ಫೋನಿನಲ್ಲಿ ಹೇಳಬಾರದಂತೆ.

ಅದೇ ಫೋನಿನಲ್ಲಿ ಬ್ಯಾಂಜೋ ನುಡಿಯುತ್ತಿತ್ತು. ಈಚೆಗೆ ನನಗೆ ಬ್ಲೂಗ್ರಾಸ್ ಹುಚ್ಚು ಹಿಡಿದಿದೆ. ಅಮೆರಿಕದ ಬೆಟ್ಟಸೀಮೆಯವರು ಪಿಟೀಲು, ಬ್ಯಾಂಜೋ ಹಿಡಿದು ಮೂಗಿನಲ್ಲಿ ಹಾಡುವ ಹಾಡುಗಳು. ಕಾಲೇಜಿನಲ್ಲಿ ಜನಪದ ಸಾಹಿತ್ಯ ಪಾಠ ಮಾಡಿ ನಿವೃತ್ತನಾದವನು ಯಾವ ಹಾಡನ್ನೂ ಸುಮ್ಮನೆ ಕೇಳಲಾರ, ಪಟ್ಟಿ ಮಾಡುತ್ತಾನೆ. ಇವರ ಪಟ್ಟಿ ಬಹಳ ಸುಲಭ. ಬೆಟ್ಟದ ಮೇಲೊಂದು ಮರದ ಮನೆ. ಬಾಗಿಲಲ್ಲಿ ತಾಯಿ. ಮಗ ಊರು ಬಿಟ್ಟಿದ್ದಾನೆ, ಯಾಕೆಂದು ಅವನಿಗೂ ಸರಿಯಾಗಿ ಗೊತ್ತಿಲ್ಲ. ದೂರದಲ್ಲಿ ರೈಲು ಕೂಗುತ್ತದೆ, ಇವನು ಅಳುತ್ತಾನೆ. ನಡುವೆ ಇನ್ನೊಬ್ಬ ಪ್ರೀತಿಸಿದವಳನ್ನೇ ಹೊಳೆಗೆ ನೂಕಿ ಜೈಲು ಸೇರುತ್ತಾನೆ. ಅಲ್ಲಿಗೂ ಅದೇ ರೈಲು ಕೇಳಿಸುತ್ತದೆ. ಕೊನೆಗೆ ಮಗ ಮನೆ ಮುಟ್ಟುವಷ್ಟರಲ್ಲಿ ತಾಯಿ ಮಣ್ಣಾಗಿರುತ್ತಾಳೆ. ಇಷ್ಟೂ ಗೋಳನ್ನು ಎಂಥ ಓಟದಲ್ಲಿ ಹಾಡುತ್ತಾರೆಂದರೆ ನಿಮ್ಮ ಕಾಲು ನಾಚಿಕೆಯಿಲ್ಲದೆ ತಾಳ ಹಾಕುತ್ತದೆ.

ನನ್ನ ತಕರಾರು ಒಂದೇ. ರೈಲು ಎರಡೂ ದಿಕ್ಕಿಗೆ ಓಡುತ್ತದೆ. ಜಂಕ್ಷನ್ ಇರುವ ಊರಿನಲ್ಲಿ ಬೆಳೆದ ನಮಗೆ ಇದು ಅಕ್ಷರ ಕಲಿಯುವ ಮೊದಲೇ ಗೊತ್ತು. ಹತ್ತಿಕೊಂಡು ಬರಲು ಇವನಿಗೇನು ಧಾಡಿ? ಬಂದುಬಿಟ್ಟರೆ ಹಾಡೇ ಇರುವುದಿಲ್ಲ, ಅಷ್ಟೇ ತಾನೆ?

ಹೀಗೆಂದುಕೊಂಡ ಮೇಲೆ ಬೆರಳು ಫೋನಿನ ಮೇಲೆ ತಡೆಯಿತು. ಈ ಮಾತನ್ನು ನನಗೆ ಯಾರೋ ಹಿಂದೆಯೇ ಹೇಳಿದ್ದರು.

ಹಾರನಹಳ್ಳಿಗೆ ಕೊಟ್ಟಿದ್ದ ಪುಟ್ಟತ್ತೆ ನಮ್ಮಪ್ಪನ ಒಬ್ಬಳೇ ತಂಗಿ. ಸುತ್ತಿನ ಹಳ್ಳಿಗಳ ಮದುವೆಗಳಲ್ಲಿ ಸೋಬಾನೆ ಪದ ಹೇಳಲು ಅವಳೇ ಬೇಕು. ಅವಳ ಮನೆಯ ಮದುವೆಯೊಂದರಲ್ಲಿ ಅಪ್ಪನ ಎಲೆಗೆ ಎರಡನೇ ಹೋಳಿಗೆ ಬರಲಿಲ್ಲ. ಬಡಿಸುವವರು ಮರೆತಿದ್ದರು. ಅಪ್ಪ ಎಲೆ ಮಡಿಸಿ ಎದ್ದುಬಂದ. ಆ ವರ್ಷದಿಂದ ಅವಳಿಗೆ ಗೌರಿ ಬಾಗಿನ ನಿಂತಿತು. ನಮ್ಮ ವಂಶದ ಮರ್ಯಾದೆಯೆಲ್ಲ ಹೂರಣದಲ್ಲೇ ಅಡಗಿತ್ತೆಂದು ಕಾಣುತ್ತದೆ.

ನಾನಾಗ ಎಂ.ಎ. ಓದುತ್ತಿದ್ದೆ, ಅಂದರೆ ಎಲ್ಲವೂ ತಿಳಿದಿದ್ದ ಕಾಲ. ಟೇಪ್ ರೆಕಾರ್ಡರ್ ಹೊತ್ತು ಅತ್ತೆಯ ಪದ ಸಂಗ್ರಹಿಸಲು ಹೋದೆ. ಅವಳು ಅಕ್ಕಿ ಆರಿಸುತ್ತಲೇ ಮಧ್ಯಾಹ್ನವಿಡೀ ಹಾಡಿದಳು. ಯಾವ ಪದ ಶುರುವಾದರೂ ದಾರಿಯಲ್ಲಿ ಧೂಳೇಳುತ್ತದೆ, ಬಿಳಿ ಕುದುರೆಯಿಂದ ಅಣ್ಣ ಇಳಿಯುತ್ತಾನೆ, ಅವನ ತೋಳಿನ ಮೇಲೆ ಸೀರೆ. ನಮ್ಮಪ್ಪನ ಬಳಿ ಇದ್ದದ್ದು ಒಂದು ಸೈಕಲ್ಲು. ಅರಸೀಕೆರೆಯಿಂದ ಹಾರನಹಳ್ಳಿಗೆ ಅದು ಧಾರಾಳವಾಗಿ ಸಾಕಾಗಿತ್ತು.

“ಅತ್ತೆ, ಬರೀ ಅಣ್ಣ ಬರೋದೇ ಆಯ್ತಲ್ಲ. ಬೇರೆ ಪದ ಇಲ್ವಾ?” ಎಂದೆ.

“ಅವ್ನು ಬಂದ್ಮೇಲೆ ಬೇರೆ ಪದ ಹೇಳ್ತೀನಿ ಕಣಪ್ಪ. ಬಂದಿಲ್ವಲ್ಲ ಇನ್ನೂವೆ.”

ನಾನು ಪುಸ್ತಕದಲ್ಲಿ ಬರೆದುಕೊಂಡೆ: ‘ಕಲಾವಿದೆಗೆ ಒಳ್ಳೆಯ ಹಾಸ್ಯಪ್ರಜ್ಞೆ ಇದೆ.’ ಹೊರಡುವಾಗ ಅತ್ತೆ ಟೇಪ್ ರೆಕಾರ್ಡರಿನ ಮೇಲೆ ಕೈಯಿಟ್ಟು ಕೇಳಿದಳು.

“ಇದ್ನ ನಿಮ್ಮಪ್ಪಂಗೆ ಒಸಿ ಕೇಳುಸ್ತೀಯೇನ್ಲಾ?”

“ಇದು ಅಧ್ಯಯನಕ್ಕೆ ಅತ್ತೆ.”

“ಹಂಗಾ,” ಎಂದಳು. ಚೀಲಕ್ಕೆ ನಾಲ್ಕು ತೆಂಗಿನಕಾಯಿ ಹಾಕಿ ಕಳಿಸಿದಳು.

‘ಅಣ್ಣನ ಬರವು: ಹದಿನಾಲ್ಕು ಪದಗಳು’ ಎಂಬ ತಲೆಬರಹದ ಅಧ್ಯಾಯವನ್ನು ಮೇಷ್ಟ್ರುಗಳು ಬಹಳ ಮೆಚ್ಚಿದರು. ಕ್ಯಾಸೆಟ್ಟು ನನ್ನ ಟ್ರಂಕಿನಲ್ಲಿ ಭದ್ರವಾಗಿತ್ತು. ಹದಿನಾಲ್ಕು ಪದದ ಅಣ್ಣ ಪಕ್ಕದ ಕೋಣೆಯಲ್ಲಿ ಎಲೆಯಡಿಕೆ ಹಾಕುತ್ತ ಕೂತಿದ್ದ. ಅವನನ್ನು ಕರೆದು ಒಂದು ಗುಂಡಿ ಒತ್ತಬೇಕೆಂದು ಈ ವಿದ್ವಾಂಸನಿಗೆ ಹೊಳೆಯಲಿಲ್ಲ.

ಮುಂದಿನ ಗೌರಿ ಹಬ್ಬ ಬರುವ ಮೊದಲೇ ಅತ್ತೆ ತೀರಿಕೊಂಡಳು. ನಮ್ಮಲ್ಲಿ ಸತ್ತ ಹೆಣ್ಣುಮಗಳಿಗೆ ತವರಿನ ಸೀರೆ ಹೊದಿಸಬೇಕು. ಅಪ್ಪ ಅಂಗಡಿಯವನನ್ನು ಮನೆಯಿಂದ ಎಬ್ಬಿಸಿಕೊಂಡು ಹೋಗಿ, ಇದ್ದುದರಲ್ಲಿ ಒಳ್ಳೆಯ ಸೀರೆ ಕೊಂಡು, ನೆಂಟರೆಲ್ಲರಿಗಿಂತ ಮೊದಲು ಸೈಕಲ್ಲಿನಲ್ಲಿ ಹಾರನಹಳ್ಳಿ ಮುಟ್ಟಿದ. ಹೊದಿಸುವಾಗ ಅವನಿಗೆ ಸೀರೆಯ ಮಡಿಕೆ ಬಿಚ್ಚಲಾಗಲಿಲ್ಲ. ನಾನು ಬಿಚ್ಚಿಕೊಟ್ಟೆ. ಕ್ಯಾಸೆಟ್ಟಿನ ಮಾತು ಅಂದೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಜಗಲಿಯಲ್ಲಿ ಬ್ಯಾಂಜೋ ಇನ್ನೂ ಓಡುತ್ತಿತ್ತು. ಮಗ ತಾಯಿಯ ಗೋರಿ ಮುಟ್ಟಿದ್ದ. ಹೆಂಡತಿ ಹೊರಗೆ ಬಂದು ನನ್ನ ಫೋನಿನೊಳಕ್ಕೆ ಇಣುಕಿದಳು.

“ಆಯ್ತಾ ಬಾಗಿನ ಕೊಟ್ಟಿದ್ದು?”

“ಇಲ್ಲ. ಒಂದು ಜೊತೆ ಮೊರ ಕಟ್ಟಿಕೊಡು,” ಎಂದೆ.

ಅವಳು ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದಳು. ಒಳಗೆ ಹೋಗಿ ಕಟ್ಟಿಕೊಟ್ಟಳು.

ಬಸ್ಸಿನಲ್ಲಿ ಮೊರ ತೊಡೆಯ ಮೇಲಿಟ್ಟುಕೊಂಡು ಕೂತೆ. ಹಾರನಹಳ್ಳಿ ಬಂದಾಗ ಆಚೆ ಕಿಟಕಿಯ ಕಡೆ ನೋಡಿದೆ. ಜಾವಗಲ್, ಹಳೇಬೀಡು ದಾಟುವ ಹೊತ್ತಿಗೆ ಮೊದಲು ಆಡಬೇಕಾದ ತಮಾಷೆಯ ಮಾತನ್ನೂ ಹೊಂದಿಸಿಕೊಂಡಿದ್ದೆ. ಬೇಲೂರಿನಲ್ಲಿ ಇಳಿದು ರತ್ನಳ ಮನೆಯ ಬಾಗಿಲು ತಟ್ಟಿದೆ. ಕೈಗೆ ಹಿಟ್ಟು ಮೆತ್ತಿಕೊಂಡು ಬಂದು ತೆಗೆದವಳು ನನ್ನನ್ನು ಕಂಡು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಅಣ್ಣ, ಯಾರು ಹೋದ್ರು?”

ತಮಾಷೆಯ ಮಾತನ್ನು ಬಿಟ್ಟು ಮೊರವನ್ನು ಮುಂದಕ್ಕೆ ಹಿಡಿದೆ. ಅವಳು ಅದರ ಕಡೆ ನೋಡಲೇ ಇಲ್ಲ.

“ನಿಜ ಹೇಳಣ್ಣ. ಯಾರು ಹೋದ್ರು?”