ಪ್ಯಾನೆಲ್ ಬಾಗಿಲಿನ ಖಾಲಿ ಸಾಲು

ಕರೆಂಟ್ ಮಾವನ ಎಡಗೈಯ ಹಿಂಬದಿಯಲ್ಲಿ ಒಂದು ಕೂದಲೂ ಇರಲಿಲ್ಲ. ಬಲಗೈ ತುಂಬ ಕಪ್ಪು ರೋಮ. ಎಡಗೈ ಮಾತ್ರ ಬಿಸಿ ತಾಗಿ ತಾಗಿ ಹಳೆಯ ಇಸ್ತ್ರಿಪೆಟ್ಟಿಗೆಯ ತಳದಂತೆ ನುಣ್ಣಗಾಗಿ ಹೊಳೆಯುತ್ತಿತ್ತು. ಯಾವ ಯಂತ್ರದ ಮುಂದೆ ನಿಂತರೂ ಮೊದಲು ಅದರ ಮೈಗೆ ಆ ಕೈಯ ಹಿಂಬದಿಯನ್ನು ತಾಗಿಸುತ್ತಿದ್ದರು. "ಅಂಗೈಲಿ ಮುಟ್ಟಿದ್ರೆ ಕರೆಂಟು ನಮ್ಮನ್ನ ಹಿಡ್ಕೊಂಡುಬಿಡುತ್ತೆ ಅಮ್ಮಿಣಿ. ಹಿಂಗೈಲಿ ಮುಟ್ಟಿದ್ರೆ ತಳ್ಳುತ್ತೆ" ಅನ್ನುತ್ತಿದ್ದರು. ಅಮ್ಮಿಣಿ ಎಂದು ಕೊಯಮತ್ತೂರು ಸೀಮೆಯಲ್ಲಿ ಮನೆಯ ಪುಟ್ಟ ಹುಡುಗಿಯನ್ನು ಕರೆಯುತ್ತಾರೆ. ನಾನು ಕಾನೂನು ಕಾಲೇಜಿಗೆ ಸೇರಿದ ಮೇಲೂ ಅವರಿಗೆ ಅಮ್ಮಿಣಿಯೇ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚು. ಗೌರವವಿತ್ತು, ಋಣವೂ ಇದೆ. ಅದೆಲ್ಲ ಆಮೇಲಿನ ಮಾತು. ಮೊದಲು ಹುಟ್ಟಿದ್ದು ಹೊಟ್ಟೆಕಿಚ್ಚು, ಈಗಲೂ ಅದು ಪೂರ್ತಿ ಆರಿಲ್ಲ.

ತಿರುಪ್ಪೂರಿನ ಹೊರಗೆ ಅಪ್ಪನದೊಂದು ಶೆಡ್ ಇದೆ. ಹೊಲಿದು ಬಂದ ಬನಿಯನ್‌ಗಳನ್ನು, ಮಕ್ಕಳ ಅಂಗಿಗಳನ್ನು ತೊಳೆದು ಒಣಗಿಸಿ ಕೊಡುವ ಕೆಲಸ. ಎರಡು ದೊಡ್ಡ ಡ್ರೈಯರ್‌ಗಳಿವೆ. ಅವು ನಿಂತರೆ ಶೆಡ್ಡೇ ನಿಂತಂತೆ, ನಿಂತಾಗೆಲ್ಲ ಸೋಮನೂರಿನಿಂದ ಇವರು ಬರಬೇಕು. ಮನೆಯಲ್ಲಿ ನಮಗೆಲ್ಲ ಅವರು ಕರೆಂಟ್ ಮಾವ. ರಕ್ತಸಂಬಂಧವೇನೂ ಇಲ್ಲ. ವೆಳ್ಳಕೋಯಿಲ್ ಕಡೆಯ ಬೇಸಾಯದ ಮನೆಯವರು; ನಮ್ಮ ಹಾಗೆಯೇ ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಮಗ್ಗದ ಮೋಟಾರು ಬಿಚ್ಚುತ್ತ ಕೆಲಸ ಕಲಿತವರು.

ಕನ್ನಡ ಓದಲು ಬರೆಯಲು ಅವರಿಗೆ ಬರುತ್ತಿರಲಿಲ್ಲ. (ನಮ್ಮ ಮನೆಯಲ್ಲೂ ಬರುವುದು ನನಗೊಬ್ಬಳಿಗೆ. ನಿನ್ನಿಂದಾಗಲ್ಲ ಎಂದು ಯಾರೋ ಅಂದದ್ದಕ್ಕೆ ಹಟದಿಂದ ಕಲಿತದ್ದು.) ಆದರೆ ರಿಪೇರಿ ಮುಗಿದ ಮೇಲೆ ಯಂತ್ರದ ಪ್ಯಾನೆಲ್ ಬಾಗಿಲಿನ ಒಳಮೈಯಲ್ಲಿ ಮಾರ್ಕರ್ ಹಿಡಿದು, ತಮಿಳು ಅಕ್ಷರದಲ್ಲಿ, ದಿನ ಹಾಕಿ, ಏನು ಕೆಟ್ಟಿತ್ತು, ಏನು ಮಾಡಿದೆ ಎಂದು ಒಂದೊಂದು ಸಾಲು ಬರೆದೇ ಹೋಗುತ್ತಿದ್ದರು. ಸಾಲಿನ ಕೆಳಗೆ ಸಾಲು, ಇರುವೆ ನುಸುಳಲೂ ಜಾಗವಿಲ್ಲದ ಹಾಗೆ. "ಬಾಗಿಲ ಮೇಲೆ ಸುಳ್ಳು ಇರಬಾರದು. ನಾಳೆ ಬರೋನು ಅದನ್ನ ನಂಬಿ ಕೈ ಇಡ್ತಾನೆ" ಎಂಬುದು ಅವರ ಮಾತು.

ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯವಳು. ಗೆದ್ದ ಕಪ್ಪುಗಳನ್ನು ಅಪ್ಪ ಶೆಡ್ಡಿನ ಆಫೀಸು ಕೋಣೆಯ ಕಪಾಟಿನಲ್ಲಿ ಸಾಲಾಗಿ ಇಟ್ಟಿದ್ದರು. ಆದರೆ ಒಂದು ಸ್ಪರ್ಧೆಗಾದರೂ ಬಂದು ಕೂತವರಲ್ಲ. ಕೆಲಸ, ಲೋಡು, ಪುರುಸೊತ್ತಿಲ್ಲ. ಒಪ್ಪಿಕೊಂಡೆ. ಅದೇ ಅಪ್ಪ, ಮಾವ ಒಂದು ಮೋಟಾರು ಬಿಚ್ಚಲು ಕೂತರೆ ಸ್ಟೂಲ್ ಎಳೆದುಕೊಂಡು ಮೂರು ಗಂಟೆ ಬಾಯಿ ಬಿಡದೆ ನೋಡುತ್ತಿದ್ದರು. ಇದಕ್ಕೆ ಏನು ಸಮಜಾಯಿಷಿ ಕೊಡುತ್ತೀರಿ? ನನಗಂತೂ ಹೊಳೆದಿಲ್ಲ.

ಆ ವರ್ಷ ಆಯುಧ ಪೂಜೆ ಕಳೆದು ಮೂರು ವಾರವಾಗಿತ್ತು. ಎರಡನೆಯ ಡ್ರೈಯರ್‌ನಿಂದ ತೆಗೆದ ಮಕ್ಕಳ ಅಂಗಿಗಳು ಕುಗ್ಗಿಹೋಗಿದ್ದವು. ಒಂದು ಲೋಡಲ್ಲ, ಸಾಲಾಗಿ ಎರಡು. ಅಂಗಿ ಕೊಟ್ಟವರು ಎಲ್ಲವನ್ನೂ ವಾಪಸು ಕಳಿಸಿ, ಇನ್ನೊಂದು ಸಲ ಹೀಗಾದರೆ ಬೇರೆ ಶೆಡ್ ನೋಡಿಕೊಳ್ಳುತ್ತೇವೆ ಎಂದರು. ಆ ಯಂತ್ರವನ್ನು ನಡೆಸುತ್ತಿದ್ದುದು ಒಬ್ಬ ಅಕ್ಕ. ಒಂಬತ್ತು ವರ್ಷದಿಂದ ಅದರ ಮುಂದೆಯೇ ನಿಂತವಳು. ಅವಳದು ಒಂದೇ ಮಾತು: "ನಾನು ಅರವತ್ತೈದು ಡಿಗ್ರಿಗೇ ಇಟ್ಟೆ. ಬಿಸಿ ತೋರಿಸೋ ಬೋರ್ಡ್ ಅರವತ್ತೆರಡು ಅಂತ ತೋರಿಸ್ತಾ ಇತ್ತು, ಒಳಗಡೆ ಬಟ್ಟೆ ಬೇಯ್ತಾ ಇತ್ತು. ಅದು ಸುಳ್ಳು ಹೇಳುತ್ತೆ."

ನಾನು ರಜೆಗೆ ಬಂದಿದ್ದೆ. ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಇದು ನನ್ನ ಗಳಿಗೆ ಅಂದುಕೊಂಡೆ. ಅಕ್ಕನ ಎದುರಿಗೇ ನಿಂತು ವಾದಿಸಿದೆ. ಯಂತ್ರಕ್ಕೆ ಸುಳ್ಳು ಹೇಳಿ ಆಗಬೇಕಾದ್ದೇನೂ ಇಲ್ಲ, ನಿನಗಿದೆ. ಬೇಗ ಒಣಗಿದರೆ ಮನೆಗೆ ಹೊರಡುವುದೂ ಬೇಗ. ಶಾಖ ಏರಿಸಲು ನಿನಗೆ ಕಾರಣವಿದೆ, ಅವಕಾಶವಿದೆ. ಆ ಹೊತ್ತಿನಲ್ಲಿ ಯಂತ್ರದ ಹತ್ತಿರ ಇನ್ಯಾರೂ ಇರಲಿಲ್ಲ. ಖಾಲಿ ಓಡಿಸಿದರೆ ಬೋರ್ಡ್ ಇಟ್ಟಷ್ಟನ್ನೇ ತೋರಿಸುತ್ತದೆಂದು ನಾನೇ ಬೆಳಿಗ್ಗೆ ನೋಡಿದ್ದೇನೆ. ಎಲ್ಲೂ ತಡವರಿಸಲಿಲ್ಲ. ತೀರ್ಪುಗಾರರಿದ್ದಿದ್ದರೆ ಇನ್ನೊಂದು ಕಪ್ಪು ಬರುತ್ತಿತ್ತು.

ಅಕ್ಕ ನನ್ನನ್ನು ನೋಡಲಿಲ್ಲ. ಅಪ್ಪನ ಕಡೆ ತಿರುಗಿ, "ಸೋಮವಾರದಿಂದ ಬರಬೇಡ ಅಂದ್ರೆ ಬರಲ್ಲಣ್ಣಾ. ಸುಳ್ಳುಗಾತಿ ಅಂತ ಮಾತ್ರ ಹೇಳಿ ಕಳಿಸಬೇಡಿ. ನಾಳೆ ಇನ್ನೊಂದು ಶೆಡ್ಡಿನ ಬಾಗಿಲಿಗೆ ಹೋಗಬೇಕು ನಾನು" ಎಂದಳು.

ಅಪ್ಪ ತಲೆಯ ಮೇಲಿನ ಕೈ ತೆಗೆದರು. ಆಮೇಲೆ ನನಗೆ ಹೇಳಿದರು: "ನೀ ಹೇಳಿದ್ದೆಲ್ಲ ಸರಿ ಇರಬೋದು ಕಣ್ಣಮ್ಮಾ. ಮಾವ ಬಂದು ನೋಡಲಿ."

ಅಷ್ಟೆ. ಹತ್ತು ನಿಮಿಷದ ನನ್ನ ವಾದಕ್ಕೆ ಬಂದ ಬೆಲೆ ಅಷ್ಟೇ.

ಮಧ್ಯಾಹ್ನ ಮಾವ ಬಂದರು. ಅಕ್ಕ ಟಿಫಿನ್ ಕ್ಯಾರಿಯರನ್ನು ಮಡಿಲಲ್ಲಿಟ್ಟುಕೊಂಡು ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದಳು. ಮಾವ ನೆಟ್ಟಗೆ ಯಂತ್ರದ ಹತ್ತಿರ ಹೋಗಲಿಲ್ಲ. ಮೊದಲು ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತು, "ಯಾವಾಗಿಂದಮ್ಮಾ? ಖಾಲಿ ಇರುವಾಗಲೂ ಹೀಗೇನಾ, ಲೋಡು ಹಾಕಿದಾಗ ಮಾತ್ರವಾ? ವಾಸನೆ ಬಂತಾ?" ಎಂದು ವಿಚಾರಿಸಿದರು. ಅವಳು ಹೇಳುತ್ತ ಹೋದಳು, ಇವರು ತಲೆಯಾಡಿಸುತ್ತ ಕೇಳಿದರು. ನಾನು ಬಾಗಿಲಲ್ಲಿ ನಿಂತು ಲೆಕ್ಕ ಹಾಕಿದೆ. ನಾನು ಅವಳಿಗೆ ಒಂದೇ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಒಳಗೆ ಬಂದು ಒಂದು ಲೋಡು ಹಾಕಿಸಿ ಓಡಿಸಿದರು. ತಮ್ಮದೇ ಮೀಟರಿನ ಕಡ್ಡಿಯನ್ನು ಬಿಸಿಗಾಳಿ ಹೊರಬರುವ ಕಡೆ ತೂರಿಸಿದರು. ಬೋರ್ಡಿನಲ್ಲಿ ಅರವತ್ತೊಂದು, ಇವರ ಮೀಟರಿನಲ್ಲಿ ಎಂಬತ್ತೆರಡು. ಅಕ್ಕ ಹೇಳಿದ್ದೇ ನಿಜವಾಗಿತ್ತು.

"ಬೋರ್ಡ್ ಹೋಗಿದೆ, ಬದಲಾಯಿಸಬೇಕು" ಎಂದೆ. ಏನಾದರೂ ಹೇಳಲೇಬೇಕಿತ್ತು.

"ಇರಬೋದು. ಅನುಮಾನಾನ ಮೊದಲು ಎರಡು ತುಂಡು ಮಾಡೋಣ ಅಮ್ಮಿಣಿ. ನೋಡೋದು ಸೆನ್ಸರು, ಹೇಳೋದು ಬೋರ್ಡು. ತಪ್ಪು ನೋಡ್ತಾ ಇದೆಯಾ, ತಪ್ಪು ಹೇಳ್ತಾ ಇದೆಯಾ?" ಎಂದು ಸೆನ್ಸರಿನ ವಯರು ಬಿಚ್ಚಿ, ಆ ಜಾಗದಲ್ಲಿ ತಮ್ಮ ಚೀಲದಿಂದ ಗೊತ್ತಿರುವ ಅಳತೆಯ ಒಂದು ಪುಟ್ಟ ರೆಸಿಸ್ಟರ್ ಸಿಕ್ಕಿಸಿದರು. ಇಷ್ಟು ಡಿಗ್ರಿ ತೋರಿಸಬೇಕು ಅಂದರು, ಬೋರ್ಡ್ ಅಷ್ಟನ್ನೇ ತೋರಿಸಿತು. "ಬೋರ್ಡ್ ಒಳ್ಳೇದು. ಅದಕ್ಕೆ ಯಾರು ಏನು ಹೇಳಿದ್ರೋ ಅದನ್ನ ನಮಗೆ ಹೇಳ್ತಾ ಇದೆ."

ಚರ್ಚಾಸ್ಪರ್ಧೆಗೆಂದು ಎರಡು ವರ್ಷ ತರಬೇತಿ ಪಡೆದು ನಾನು ಕಲಿತ, ಪ್ರಶ್ನೆಯನ್ನು ಸೀಳಿ ನೋಡುವ ವಿದ್ಯೆಯನ್ನು ಈ ಮನುಷ್ಯ ಸ್ಕ್ರೂಡ್ರೈವರ್ ಹಿಡಿದು ಎರಡು ನಿಮಿಷದಲ್ಲಿ ಮಾಡಿ ತೋರಿಸುತ್ತಿದ್ದರು. ಅಪ್ಪ ಆಗಲೇ ಸ್ಟೂಲ್ ಎಳೆದುಕೊಂಡಿದ್ದರು.

"ಟಾರ್ಚ್ ಹಿಡಿ ಅಮ್ಮಿಣಿ" ಎಂದರು. ಯಂತ್ರದ ಹಿಂಬದಿಗೆ ಹೋದೆವು, ನಾವಿಬ್ಬರೇ. ಹತ್ತಿ ಧೂಳು ಹಿಡಿಯುವ ಜಾಲರಿಯ ಆಚೆ, ಗಾಳಿ ಕೊಳವೆಯೊಳಗೆ ಪೆನ್ಸಿಲಿನಷ್ಟು ಗಾತ್ರದ ಸೆನ್ಸರ್ ಇತ್ತು. ಬಿಚ್ಚಿ ಹೊರಗೆಳೆದರು. ಅದರ ತುದಿಗೆ ಬೆರಳು ದಪ್ಪ ಹತ್ತಿ ಧೂಳು ಮೆತ್ತಿಕೊಂಡಿತ್ತು. ಉಗುರಿನಲ್ಲಿ ಕೆರೆದರು. ಧೂಳಿನ ಕೆಳಗೆ ಗಟ್ಟಿಯಾದ ಹಳದಿ ಹಕ್ಕಳೆ, ಅದರ ನಡುವೆ ಕೆಂಪು.

ಗಂಧ. ಕುಂಕುಮ.

ಇಟ್ಟವಳು ನಾನೇ. ಆಯುಧ ಪೂಜೆಯ ದಿನ ಯಂತ್ರಗಳನ್ನೆಲ್ಲ ತೊಳೆದು, ಮುಚ್ಚಳ ತೆಗೆದಿಟ್ಟು, ಅಪ್ಪ ನನ್ನ ಕೈಗೆ ಗಂಧದ ಬಟ್ಟಲು ಕೊಟ್ಟಿದ್ದರು. ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲವೆಂದು ಅವರಿಗೆ ಗೊತ್ತು, ಆದರೂ ಕೊಟ್ಟರು. ಕುಚೋದ್ಯಕ್ಕೆ ನಾನು, ಯಂತ್ರದೊಳಗೆ ದೇವರಿದ್ದರೆ ಅದರ ಮೂಗಿನಲ್ಲೂ ಇರಬೇಕಲ್ಲ ಎಂದುಕೊಂಡು, ಜಾಲರಿಯ ಹಿಂದಕ್ಕೆ ಕೈ ಚಾಚಿ ಆ ಕಡ್ಡಿಯ ತುದಿಗೆ ದಪ್ಪಗೆ ಮೆತ್ತಿ, ಮೇಲೊಂದು ಕುಂಕುಮ ಇಟ್ಟಿದ್ದೆ. ಭಕ್ತಿಯಿಂದ ಇಡುವವರು ಬಾಗಿಲಿಗೆ ಇಡುತ್ತಾರೆ. ಸೆನ್ಸರಿಗೆ ಇಡುವುದು ನನ್ನಂಥವಳು ಮಾತ್ರ. ಹಸಿ ಗಂಧಕ್ಕೆ ಧೂಳು ಅಂಟಿ, ಅದರ ಮೇಲೆ ಧೂಳು ಕೂತು, ಸೆನ್ಸರ್ ಸ್ವೆಟರ್ ಹಾಕಿಕೊಂಡಂತಾಗಿತ್ತು. ಒಳಗಿನ ಬಿಸಿ ಅದಕ್ಕೆ ತಿಳಿಯುತ್ತಿರಲಿಲ್ಲ. ಯಂತ್ರ ಇನ್ನೂ ಬಿಸಿ ಸಾಲದೆಂದು ಉರಿಸುತ್ತಲೇ ಇತ್ತು.

ಮಾವ ಕೆಂಪು ಹತ್ತಿದ ತಮ್ಮ ಉಗುರು ನೋಡಿದರು, ನನ್ನ ಮುಖ ನೋಡಿದರು. ಜೇಬಿನಿಂದ ಬಟ್ಟೆ ತೆಗೆದು ಸೆನ್ಸರನ್ನು ಒರೆಸಿ, ಬಟ್ಟೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

"ಅಣ್ಣಾ, ಐಸು ಬೇಕು, ಕುದಿಯೋ ನೀರು ಬೇಕು" ಎಂದು ಕೂಗಿದರು. ಟೀ ಅಂಗಡಿಯಿಂದ ಕುದಿನೀರು ಬಂತು, ಎದುರಿನ ಜ್ಯೂಸ್ ಅಂಗಡಿಯಿಂದ ಐಸು. ಐಸು ಹಾಕಲು ಪಾತ್ರೆ? ಅಪ್ಪ ಎದ್ದುಹೋಗಿ ಕಪಾಟಿನಿಂದ ನನ್ನ ಕಪ್ಪೊಂದನ್ನು ತಂದುಕೊಟ್ಟರು. ಒಂದು ಕ್ಷಣವೂ ಯೋಚಿಸಲಿಲ್ಲ. ರಾಜ್ಯಮಟ್ಟದ್ದು ಅದು. ಅದರಲ್ಲಿ ಐಸುನೀರು ತುಂಬಿ ಮಾವ ಸೆನ್ಸರ್ ಅದ್ದಿದರು, ಆಮೇಲೆ ಕುದಿನೀರಿಗೆ ಅದ್ದಿದರು. ಎರಡರಲ್ಲೂ ಅಂಕಿ ಸರಿಯಾಗಿ ಬಂತು.

"ಸೆನ್ಸರ್ ಒಳ್ಳೇದಣ್ಣಾ. ಧೂಳು ಕಟ್ಕೊಂಡಿತ್ತು. ಆ ಹೆಣ್ಣುಮಗಳ ತಪ್ಪು ಏನೂ ಇಲ್ಲ."

ಅಪ್ಪ ತಾವೇ ಹೊರಗೆ ಹೋಗಿ ಅಕ್ಕನನ್ನು ಕರೆದುತಂದರು. ಅವಳು ಟಿಫಿನ್ ಕ್ಯಾರಿಯರನ್ನು ಅದರ ಮೊಳೆಗೆ ನೇತುಹಾಕಿ ಲೋಡು ತೆಗೆಯಲು ಹೋದಳು. ಮಾವ ಪ್ಯಾನೆಲ್ ಬಾಗಿಲಿನಲ್ಲಿ ಬರೆದರು: ಸೆನ್ಸರ್, ಹತ್ತಿ ಧೂಳು, ತೆಗೆದೆ.

ಅವರು ಗಾಡಿ ಹತ್ತುವಾಗ ಹಿಂದೆಯೇ ಓಡಿದೆ. ಕೃತಜ್ಞತೆ ಹೇಳಲು ಅಲ್ಲ, ಜಗಳಕ್ಕೆ. "ಯಾಕೆ ಹೇಳಲಿಲ್ಲ ಮಾವ? ನನ್ನ ಮೇಲೆ ಉಪಕಾರ ಹೊರಿಸ್ತೀರಾ? ಬಾಗಿಲ ಮೇಲೆ ಸುಳ್ಳು ಇರಬಾರದು ಅಂದೋರು ನೀವೇ ತಾನೇ?"

"ಧೂಳು ಇದ್ದದ್ದು ನಿಜ ತಾನೇ?"

"ಅರ್ಧ ನಿಜ."

"ಹೂಂ. ಅರ್ಧ" ಎಂದು ಅವರು ಗಾಡಿ ಸ್ಟಾರ್ಟ್ ಮಾಡಿದರು. "ನಾನು ಯಂತ್ರ ರಿಪೇರಿ ಮಾಡೋನು ಅಮ್ಮಿಣಿ. ಮಿಕ್ಕ ಅರ್ಧ ನನ್ನ ಕೆಲಸ ಅಲ್ಲ."

ಅಷ್ಟು ಹೇಳಿ ಹೊರಟುಹೋದರು. ಆ ಒಳ್ಳೆಯತನದ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಅವರ ಜಾಗದಲ್ಲಿ ನಾನಿದ್ದಿದ್ದರೆ ಆ ಹಳದಿ ಕಡ್ಡಿಯನ್ನು ಎತ್ತಿಹಿಡಿದು ಶೆಡ್ಡಿಗೆಲ್ಲ ತೋರಿಸುತ್ತಿದ್ದೆ. ಅದು ನನಗೆ ಖಚಿತವಾಗಿ ಗೊತ್ತಿತ್ತು.

ನಾನು ಹೇಳಲಿಲ್ಲ. ಆ ವಾರ ಹೇಳಲಿಲ್ಲ, ಆ ವರ್ಷವೂ ಹೇಳಲಿಲ್ಲ. ಮರುವರ್ಷದ ಪೂಜೆಗೆ ಪರೀಕ್ಷೆಯ ನೆಪ ಹೂಡಿ ಶೆಡ್ಡಿನ ಕಡೆ ತಲೆಹಾಕಲಿಲ್ಲ. ಅಕ್ಕ ಸಿಕ್ಕಾಗ ನಕ್ಕು ಮಾತಾಡಿಸುತ್ತಿದ್ದೆ. ಅವಳು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದಳು.

ಕಳೆದ ಬೇಸಿಗೆಯಲ್ಲಿ ಮಾವ ಹೋದರು. ಕೊಯಮತ್ತೂರಿನ ಗಾಂಧಿಪುರಂ ಬಸ್ ಸ್ಟ್ಯಾಂಡಿನಲ್ಲಿ, ಬಿಡಿಭಾಗದ ಚೀಲ ಕಾಲಸಂದಿಯಲ್ಲಿ ಇಟ್ಟುಕೊಂಡು ಕೂತವರು ಏಳಲಿಲ್ಲವಂತೆ. ಅಪ್ಪನ ಜೊತೆ ಸೋಮನೂರಿಗೆ ಹೋದೆ. ಅವರ ಬೀದಿಯಲ್ಲಿ ಒಂದು ಮಗ್ಗವೂ ಓಡುತ್ತಿರಲಿಲ್ಲ. ಹಗಲಿರುಳು ಮಗ್ಗ ಗಡಗಡಿಸುವ ಆ ಊರಿನಲ್ಲಿ ಅಂಥ ನಿಶ್ಶಬ್ದವನ್ನು ನಾನು ಕೇಳಿರಲಿಲ್ಲ. ಬಂದವರೆಲ್ಲ ಒಂದೊಂದು ಮೋಟಾರಿನ ಕತೆ ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅಲ್ಲಿಯೂ, ಅವರ ಪಾದದ ಹತ್ತಿರ ನಿಂತಿದ್ದಾಗಲೂ, ನನಗೆ ಬಂದ ಯೋಚನೆ ಇದು: ನನಗಾಗಿ ಯಾರು ಮಗ್ಗ ನಿಲ್ಲಿಸುತ್ತಾರೆ? ನಾಚಿಕೆಯಾಯಿತು. ಯೋಚನೆ ಹೋಗಲಿಲ್ಲ.

ಈ ಸಲದ ಪೂಜೆಗೆ ಹೋದೆ. ಎರಡನೆಯ ಡ್ರೈಯರ್ ಒರೆಸಲು ಪ್ಯಾನೆಲ್ ಬಾಗಿಲು ತೆರೆದೆ. ಅವರ ಸಾಲುಗಳು ಮೇಲಿನಿಂದ ಕೆಳಗೆ ಒತ್ತೊತ್ತಾಗಿ ಇಳಿದುಬಂದಿದ್ದವು. 'ಹತ್ತಿ ಧೂಳು, ತೆಗೆದೆ' ಎಂಬ ಸಾಲು ಕಂಡಿತು. ಅದರ ಕೆಳಗೆ ಒಂದು ಸಾಲಿನಷ್ಟು ಜಾಗ ಖಾಲಿ. ಮುಂದಿನ ರಿಪೇರಿಗಳು ಆ ಜಾಗ ಬಿಟ್ಟು ಅದರ ಕೆಳಗಿನಿಂದ ಶುರುವಾಗಿದ್ದವು. ಇಡೀ ಬಾಗಿಲಿನಲ್ಲಿ ಅದೊಂದೇ ಖಾಲಿ. ಒಂದೂವರೆ ವರ್ಷದಲ್ಲಿ ಆರೇಳು ಸಲ ಈ ಬಾಗಿಲು ತೆರೆದಿದ್ದಾರೆ, ತೆರೆದಾಗಲೆಲ್ಲ ಆ ಜಾಗವನ್ನು ನೋಡಿದ್ದಾರೆ, ಮುಟ್ಟದೆ ಮುಚ್ಚಿ ಹೋಗಿದ್ದಾರೆ.

ಅಪ್ಪನನ್ನೂ ಅಕ್ಕನನ್ನೂ ಅಲ್ಲಿಗೇ ಕರೆದೆ. ಗಂಧ ಇಟ್ಟದ್ದು ನಾನು, ಮಾವನಿಗೆ ಗೊತ್ತಿತ್ತು ಎಂದು ಹೇಳಿದೆ. ಮೂರು ವಾಕ್ಯದಲ್ಲಿ ಮುಗಿಯಿತು.

ಅಪ್ಪ ಬಾಯಿ ತೆರೆದರು. ಅಕ್ಕ ಅವರಿಗಿಂತ ಮೊದಲೇ, "ಇದನ್ನ ಹೇಳೋಕೆ ಎರಡು ವರ್ಷ ಬೇಕಾಯ್ತಾ? ಅವತ್ತು ನನ್ನ ಮೇಲೆ ಹೇಳೋವಾಗ ನೀರು ಕುಡಿಯೋಕೂ ನಿಲ್ಲಿಸಲಿಲ್ಲ ನೀನು" ಎಂದಳು. ಕ್ಷಮಿಸಿದಳೋ ಇಲ್ಲವೋ ಗೊತ್ತಿಲ್ಲ. ಕಿಟಕಿಯ ಮೇಲಿದ್ದ ಮಾರ್ಕರ್ ತಂದು ನನ್ನ ಕೈಗೆ ಕೊಟ್ಟಳು.

ನಾಳೆ ಬರುವ ಮೆಕ್ಯಾನಿಕ್ ಓದಬೇಕಲ್ಲ, ತಮಿಳು ಅಕ್ಷರದಲ್ಲೇ ಬರೆದೆ. ಧೂಳಿನ ಕೆಳಗೆ ಗಂಧ ಇತ್ತು, ಇಟ್ಟವಳು ನಾನು, ಸೆನ್ಸರಿಗೆ ಇಡಬೇಡಿ. ಅವರು ಬಿಟ್ಟ ಜಾಗಕ್ಕೆ ಅದು ಸರಿಯಾಗಿ ಹಿಡಿಯಿತು. ಮಾರ್ಕರ್ ಮುಚ್ಚಿ ತಲೆಯೆತ್ತಿದಾಗ ಅಪ್ಪ ಸ್ಟೂಲ್ ಎಳೆದುಕೊಂಡು ನನ್ನ ಹಿಂದೆ ಕೂತಿದ್ದರು.