ಅವರ ಕುರ್ಚಿಗೆ ನನ್ನನ್ನು ಕರೆದಾಗ

ದೊಡ್ಡ ಬ್ಯಾಂಕಿನಿಂದ ಕೆಲಸದ ಪತ್ರ ಬಂದಾಗ ನಾನು ಚಿಕ್ಕೋಡಿಯ ಒಂದು ಸಣ್ಣ ಸಹಕಾರಿ ಬ್ಯಾಂಕಿನಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದೆ. ವಿಭಾಗವೆಂದರೆ ನಾನೊಬ್ಬಳೇ. ಹನ್ನೊಂದು ವರ್ಷ ದುಡಿದರೂ ಅಲ್ಲಿ ಎಲ್ಲರಿಗೂ ನಾನು ‘ಕಂಪ್ಯೂಟರ್ ಬಾಯಿ’, ಕಂಪ್ಯೂಟರಿನ ಹೆಂಗಸು, ಅಷ್ಟೇ. ಪತ್ರದಲ್ಲಿ ನನ್ನ ಹೆಸರಿನ ಕೆಳಗೆ ಐಟಿ ಮ್ಯಾನೇಜರ್ ಎಂದಿತ್ತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂ ತಾಲ್ಲೂಕುಗಳ ಶಾಖೆಗಳ ಕಂಪ್ಯೂಟರು, ಎಟಿಎಂ, ನೆಟ್‌ವರ್ಕು ಎಲ್ಲ ನನ್ನ ಸುಪರ್ದಿಗೆ. ಉತ್ತರಕ್ಕೆ ಹತ್ತು ದಿನ ಕೊಟ್ಟಿದ್ದರು.

ಆ ಹುದ್ದೆ ಹೇಗೆ ಖಾಲಿಯಾಯಿತೆಂದು ನನಗೆ ಗೊತ್ತಿತ್ತು. ಮೊದಲು ಅದರಲ್ಲಿದ್ದವರನ್ನು ನಾನು ನೋಡಿದ್ದು ಎರಡೇ ಸಲ, ಆದರೆ ಅವರ ದನಿ ವರ್ಷಗಳಿಂದ ಪರಿಚಿತ. ನಮ್ಮ ಬ್ಯಾಂಕಿನ ಹಣ ರವಾನೆಯೆಲ್ಲ ಅವರ ಬ್ಯಾಂಕಿನ ಮೂಲಕವೇ ಆಗುತ್ತಿತ್ತು. ಏನಾದರೂ ಸಿಕ್ಕಿಹಾಕಿಕೊಂಡರೆ ಅವರಿಗೆ ಫೋನ್ ಮಾಡುತ್ತಿದ್ದೆ. ‘ಗಾಬರಿ ಆಗಬ್ಯಾಡ್ರಿ, ಮ್ಯಾಲಿಂದ ಒಂದೊಂದ ನೋಡೂಣು’ ಎನ್ನುತ್ತಿದ್ದರು. ನಾನು ಕಲಿತದ್ದರಲ್ಲಿ ಅರ್ಧ ಹಾಗೆ ಕಲಿತದ್ದು. ಒಂದು ಭಾನುವಾರ ಬೆಳಿಗ್ಗೆ ಕಾಗವಾಡದ ಕೆಲಸ ಮುಗಿಸಿಕೊಂಡು ಅಥಣಿ ಶಾಖೆಗೆ ಹೋದವರು, ಕೆಟ್ಟ ಯುಪಿಎಸ್ ಮುಂದೆ ಕೂತಲ್ಲೇ ತೀರಿಕೊಂಡರು. ವಾಚ್‌ಮನ್ ಚಹಾ ತಂದು ಎರಡು ಸಲ ಕೂಗಿದನಂತೆ.

ಸುದ್ದಿ ತಿಳಿದಾಗ ಕಣ್ಣಲ್ಲಿ ನೀರು ಬಂತು. ಅದೇ ದಿನ, ನೀರು ಆರುವ ಮೊದಲೇ, ಆ ಜಾಗಕ್ಕೆ ಇನ್ನು ಯಾರನ್ನು ತೆಗೆದುಕೊಳ್ಳುತ್ತಾರೆ ಎಂಬ ವಿಚಾರವೂ ಬಂತು. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಅರ್ಜಿ ಹಾಕಿದವಳು ನಾನೇ.

ಹತ್ತು ದಿನದಲ್ಲಿ ನಾಲ್ಕು ಕಳೆದ ಮೇಲೆ, ಅವರ ಹೆಂಡತಿಯನ್ನು ಒಮ್ಮೆ ಕಂಡು ಬರಬೇಕೆನಿಸಿತು. ಅವರ ಮನೆ ಕೊಗನೊಳ್ಳಿಯಲ್ಲಿ. ನನ್ನ ಗಂಡ ಮೋಟರ್‌ಸೈಕಲ್ ತೆಗೆದರು. ನಾವು ಮುಟ್ಟಿದಾಗ ಮಧ್ಯಾಹ್ನದ ಬಿಸಿಲು; ಹೈವೇ ಮೇಲಿನ ಲಾರಿಗಳ ಸದ್ದು ಅವರ ಮನೆಯ ಪಡಸಾಲೆಯವರೆಗೂ ಬರುತ್ತಿತ್ತು. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದಲ್ಲಿ ಅವರ ಫೋಟೋ. ನಾನು ಯಾರು, ಯಾಕೆ ಬಂದೆ ಎಂದು ಹೇಳಿದೆ.

‘ನಿಮ್ಮ ಹೆಸರ ಹೇಳತಿದ್ರು,’ ಎಂದರು ಆಕೆ. ‘ಚಿಕ್ಕೋಡಿ ಬಾಯಾರು ಶಾಣ್ಯಾ ಅದಾರ, ಒಂದ ಸಲ ಹೇಳಿದ್ರ ಸಾಕು ಅಂತಿದ್ರು.’

ನನಗೆ ತಲೆ ಎತ್ತಲಾಗಲಿಲ್ಲ. ‘ವೈನಿ, ಆ ಕೆಲಸಾ ಹೆಂಗಿತ್ರಿ?’ ಎಂದು, ಅತ್ತಿಗೆಯನ್ನು ಕರೆಯುವಂತೆ ಕರೆದು ಕೇಳಿದೆ.

ಆಕೆ ಕೆಲಸದ ವಿಷಯ ಹೇಳಲಿಲ್ಲ. ಸೆರಗಿನ ಅಂಚು ಮಡಚುತ್ತ ಬೇರೆಯೇ ಒಂದು ಸಂಗತಿ ಹೇಳಿದರು.

‘ಮಣ್ಣ ಮಾಡಿ ಮೂರನೇ ದಿವ್ಸ ಆಫೀಸಿಂದ ಫೋನ್ ಬಂತ್ರಿ. ಸಮಾಧಾನ ಹೇಳಾಕ ಮಾಡ್ಯಾರ ಅಂತ ತಿಳಕೊಂಡೆ. ಸಾಹೇಬ್ರ ಪಾಸ್‌ವರ್ಡ್ ಎಲ್ಲ್ಯಾರ ಬರದ ಇಟ್ಟಾರೇನ ನೋಡ್ರಿ ವೈನಿ, ಎಲ್ಲಾ ಕೆಲಸಾ ನಿಂತೈತಿ ಅಂದ್ರು. ಹುಡುಕಿದೆ. ಡೈರಿಯೊಳಗ ಸಿಕ್ತು. ನಮ್ಮ ಮಗಳ ಹೆಸರ ಇತ್ರಿ, ಮುಂದ ಅಕಿ ಹುಟ್ಟಿದ ವರ್ಷ. ಒಂದೊಂದ ಅಕ್ಷರ ಬಿಡಿಸಿ ಹೇಳಿದೆ. ಆ ಕಡೆಯಾಂವ, ಆತ್ರಿ, ಓಪನ್ ಆತು ಅಂದ. ಇಟ್ಟಬಿಟ್ಟ.’

ಹೊರಗೆ ಒಂದು ಲಾರಿ ಹಾದುಹೋಯಿತು. ಆಮೇಲೆ ಆಕೆಯೇ ಅಂದರು: ‘ಇನ್ನೊಬ್ಬರನ್ನ ಕೊಡ್ರಿ, ಒಬ್ಬನ ಕೈಲೆ ಆಗವಲ್ದು ಅಂತ ಇವರು ಆಫೀಸಿಗೆ ಎಷ್ಟ ಸಲ ಬರದಿದ್ರೋ. ನಿಮಗ ನಾ ಏನ್ ಹೇಳ್ಲಿ ಅಕ್ಕಾರ? ಬ್ಯಾಡ ಅಂದ್ರ ನಿಮ್ಮ ಅನ್ನಕ್ಕ ಕಲ್ಲ ಹಾಕಿದಂಗ.’

ಅಷ್ಟು ಹೇಳಿ ಎದ್ದರು. ಚಹಾ ಮಾಡಿ, ಹೊರಗೆ ಕಟ್ಟೆಯ ಮೇಲೆ ಕೂತಿದ್ದ ನನ್ನ ಗಂಡನಿಗೂ ಚಹಾ ಕೊಟ್ಟು ಬಂದರು.

ತಿರುಗಿ ಬರುವಾಗ ನಿಪ್ಪಾಣಿ ದಾಟಿದ ಮೇಲೆ ಗಂಡ ಕೇಳಿದರು: ‘ಅವರು ಒಬ್ಬರ ಎಲ್ಲಾ ಮಾಡತಿದ್ರು ಅನ್ನೂದು ನಿನಗ ಮೊದಲ ಗೊತ್ತಿತ್ತಲ್ಲ?’

‘ಗೊತ್ತಿತ್ತು.’

‘ಮತ್ತ ಈಗ್ಯಾಕ ಅಳತಿ?’

ನಾನೂ ಭಾನುವಾರವೆಂದು ನೋಡದೆ ಅವರಿಗೆ ಫೋನ್ ಮಾಡಿದವಳೇ. ಅವರು ಊಟಕ್ಕೆ ಕೂತಿದ್ದರೋ, ಗಾಡಿ ಓಡಿಸುತ್ತಿದ್ದರೋ ಒಮ್ಮೆಯೂ ಕೇಳಿರಲಿಲ್ಲ.

ಮರುದಿನ ದೊಡ್ಡ ಬ್ಯಾಂಕಿಗೆ ಪತ್ರ ಬರೆದೆ. ಬರುತ್ತೇನೆ, ಆದರೆ ನನ್ನ ಜೊತೆ ಇನ್ನೊಬ್ಬ ಅಧಿಕಾರಿಯನ್ನು ನೇಮಿಸುವುದಾಗಿ ಲಿಖಿತವಾಗಿ ತಿಳಿಸಿ ಎಂದು ಕೇಳಿದೆ. ಪತ್ರಕ್ಕೆ ಪತ್ರ ಬರಲಿಲ್ಲ. ಸಂದರ್ಶನ ಮಾಡಿದ್ದ ಹಿರಿಯ ಅಧಿಕಾರಿ ಫೋನ್ ಮಾಡಿದರು.

‘ಮೇಡಂ, ಮೊದಲ ನೀವು ಜಾಯಿನ್ ಆಗ್ರಿ. ಆಮ್ಯಾಲ ನೋಡೂಣು.’

‘ಮೊದಲ ಇದ್ದವರಿಗೂ ಹಿಂಗ ಹೇಳಿದ್ರೇನ್ರಿ?’

ಅವರು ಅಂದರು: ‘ಅವರ ತಬ್ಯೇತ ಸರಿ ಇರಲಿಲ್ರಿ. ಅದು ಬ್ಯಾರೆ ಮಾತು.’

‘ಹಂಗಾದ್ರ ನನಗ ಆಗೂದಿಲ್ರಿ ಸರ್,’ ಎಂದೆ. ಧೈರ್ಯದಿಂದ ಹೇಳಿದೆನೆಂದರೆ ಸುಳ್ಳಾಗುತ್ತದೆ. ಫೋನ್ ಇಟ್ಟ ಮೇಲೆ ಇನ್ನೊಮ್ಮೆ ಕರೆಯಲಿ, ಒಮ್ಮೆ ಒತ್ತಾಯ ಮಾಡಲಿ ಎಂದು ಎರಡು ದಿನ ಕಾದೆ. ಕರೆಯಲಿಲ್ಲ. ಕೊಗನೊಳ್ಳಿಗೂ ಫೋನ್ ಮಾಡಿ ವೈನಿಗೆ ವಿಷಯ ತಿಳಿಸಿದೆ. ‘ಹೂಂ’ ಎಂದರು, ಅಷ್ಟೇ.

ಆರೇಳು ತಿಂಗಳ ನಂತರ, ಮಳೆಗಾಲದಲ್ಲಿ, ದಿಗ್ಗೇವಾಡಿಯ ನನ್ನ ತವರಿನಿಂದ ಅಮ್ಮಿಯನ್ನು ಕರೆದುಕೊಂಡು ಅದೇ ದೊಡ್ಡ ಬ್ಯಾಂಕಿನ ರಾಯಬಾಗ ಶಾಖೆಗೆ ಹೋಗಿದ್ದೆ. ಅಮ್ಮಿಯ ಪಿಂಚಣಿ ಅಲ್ಲಿಗೇ ಬರುತ್ತದೆ. ಒಳಗೆ ಎಲ್ಲ ಪರದೆಗಳೂ ಕಪ್ಪು. ಹಿಂದಿನ ದಿನ ಸಿಡಿಲು ಹೊಡೆದಿತ್ತು. ಹೊರಗೆ ತಗಡಿನ ಕೆಳಗೆ ಮುದುಕಿಯರು ಪಾಸ್‌ಬುಕ್ಕುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಕೂತಿದ್ದರು. ಕೆಲವರು ಬರುತ್ತಿರುವುದು ಅದು ಎರಡನೇ ದಿನ.

‘ಬೇಟಾ, ಇದೆಲ್ಲಾ ನಿನಗ ಗೊತ್ತಾಕ್ಕೈತಲ್ಲ, ಒಮ್ಮಿ ಒಳಗ ಹೋಗಿ ನೋಡ,’ ಎಂದಳು ಅಮ್ಮಿ.

ಹೋದೆ. ಕೌಂಟರಿನಿಂದಲೇ ಮೂಲೆಯ ನೆಟ್‌ವರ್ಕ್ ಪೆಟ್ಟಿಗೆಯಲ್ಲಿನ ಕೆಂಪು ದೀಪ ಕಾಣುತ್ತಿತ್ತು. ಯಾವ ಭಾಗ ಸುಟ್ಟಿರಬೇಕೆಂದು ನನಗೆ ಹೆಚ್ಚುಕಡಿಮೆ ತಿಳಿಯಿತು. ಗುಮಾಸ್ತನಿಗೆ ಹೇಳಿದೆ.

‘ಹೊರಗಿನವರು ಮುಟ್ಟಂಗಿಲ್ರಿ ಮೇಡಂ. ಬೆಳಗಾವಿಯಿಂದ ಮಂದಿ ಬರಬೇಕು. ನಮ್ಮ ಕಡೆಗೆ ಐಟಿ ಮ್ಯಾನೇಜರ್ ಅಂತ ಇನ್ನೂ ಯಾರನ್ನೂ ಹಾಕಿಲ್ಲ,’ ಎಂದ ಅವನು. ಅವನ ಕಣ್ಣುಗಳೂ ದಣಿದಿದ್ದವು.

ಹೊರಗೆ ಬಂದು ಅಮ್ಮಿಯ ಪಕ್ಕದಲ್ಲಿ ಕೂತೆ. ಆ ಕೆಲಸಕ್ಕೆ ನನ್ನನ್ನು ಕರೆದಿದ್ದರು, ನಾನೇ ಒಲ್ಲೆ ಎಂದೆ ಎಂದು ಆಗ ಮೊದಲ ಸಲ ಆಕೆಗೆ ಹೇಳಿದೆ. ಯಾಕೆಂದೂ ಹೇಳಿದೆ. ಅಥಣಿಯದು, ಕೊಗನೊಳ್ಳಿಯದು, ಎಲ್ಲ.

ಅಮ್ಮಿ ಪೂರ್ತಿ ಕೇಳಿದಳು. ‘ಛಲೋ ಮಾಡಿದಿ,’ ಎಂದಳು. ಆಮೇಲೆ ಎದುರಿಗೆ ಕೂತಿದ್ದ ಮುದುಕಿಯರ ಕಡೆ ನೋಡಿ, ‘ಪಾಪ’ ಎಂದಳು. ಅದು ಯಾರಿಗೆ ಹೇಳಿದ್ದೋ ನಾನು ಕೇಳಲಿಲ್ಲ. ಮಳೆ ಜೋರಾಯಿತು. ಮೂರು ಗಂಟೆಗೆ ಗುಮಾಸ್ತ ಬಂದು, ಇವತ್ತು ಆಗುವುದಿಲ್ಲ, ನಾಳೆ ಬನ್ನಿ ಎಂದ. ನಾವೆಲ್ಲ ಎದ್ದೆವು.